ದಾರಿಯನ್ನು ಹಡೆದ ಊರು

ಎರಡು ಸಾಮ್ರಾಜ್ಯಗಳ ನಡುವೆ ಮರಳು. ಮರಳಿನ ನಡುವೆ ಒಂದು ಬುಗ್ಗೆ. ಆ ಬುಗ್ಗೆಯ ಬಳಿ ನೆಲಸಿದ ಜನ ರೋಮಿನ ಬೆಳ್ಳಿಯನ್ನೂ ಹಿಂದೂದೇಶದ ಸರಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಪಾಲ್ಮೈರಾ ನಗರಕ್ಕೆ ಸಿರಿ ಬಂದುದು ಹೇಗೆ, ಹೋದುದು ಹೇಗೆ?

ಮೊದಲು ಕಾಣುವುದು ಧೂಳು. ಅನಂತರ ಬಿಸಿಲಿನ ಝಳದಲ್ಲಿ ನಡುಗುವ ಒಂದು ಕಂದುಗೆರೆ. ಆ ಗೆರೆಯು ಹತ್ತಿರವಾಗುತ್ತ ಬಂದಂತೆ, ಒಂದರ ಹಿಂದೊಂದಾಗಿ ಹಗ್ಗದಿಂದ ಬಿಗಿದ ಒಂಟೆಗಳ ಸಾಲಾಗಿ, ಆ ಸಾಲಿನ ಇಕ್ಕೆಲಗಳಲ್ಲಿ ಬಿಲ್ಲು ಬತ್ತಳಿಕೆಗಳನ್ನು ಧರಿಸಿದ ಸವಾರರಾಗಿ, ಸವಾರರ ನಡುವೆ ತಿಂಗಳುಗಟ್ಟಲೆ ಬಿಸಿಲುಂಡು ಕಪ್ಪಿಟ್ಟ ವರ್ತಕರಾಗಿ ಬಿಡಿಬಿಡಿಯಾಗಿ ತೋರಿಕೊಳ್ಳುತ್ತದೆ. ಊರಿನ ಮಂದಿ ಹೊರಗೆ ನೆರೆದು, ಹೇರುಗಳನ್ನು ಎಣಿಸುವುದಕ್ಕೆ ಮೊದಲು ತಮ್ಮ ತಮ್ಮವರ ಮುಖಗಳನ್ನು ಹುಡುಕುತ್ತಾರೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಸಿರಿಯಾದ ಮರುಭೂಮಿಯ ಪಾಲ್ಮೈರಾ ನಗರಕ್ಕೆ ಪೂರ್ವದಿಕ್ಕಿನಿಂದ ಸಾರ್ಥವೊಂದು ಹಿಂದಿರುಗುವ ಸಂದರ್ಭವನ್ನು ನಾವು ಹೀಗೆ ಚಿತ್ರಿಸಿಕೊಳ್ಳಬಹುದು. ನೂರೈವತ್ತು ಇನ್ನೂರು ಕಿಲೋ ಭಾರ ಹೊತ್ತ ಒಂದೊಂದು ಒಂಟೆಯ ಬೆನ್ನಿನ ಮೇಲೂ ಒಂದು ಮನೆತನದ ಭವಿಷ್ಯವೇ ಇದ್ದಿತು. ಸಾರ್ಥವು ಸುರಕ್ಷಿತವಾಗಿ ಊರು ಸೇರಿದುದಕ್ಕಾಗಿ ವರ್ತಕರು ಒಟ್ಟುಗೂಡಿ ತಮ್ಮ ನಾಯಕನಿಗೆ ಒಂದು ಪ್ರತಿಮೆಯನ್ನು ನಿಲ್ಲಿಸುವರು. ಅದರ ಕೆಳಗೆ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿ ಅವನ ಉಪಕಾರವನ್ನು ಕೆತ್ತಿಸುವರು. ಅಂತಹ ಮೂವತ್ತಕ್ಕೂ ಮಿಕ್ಕ ಶಾಸನಗಳು ಇಂದಿಗೂ ಉಳಿದಿರುವುದರಿಂದಲೇ ನಾವು ಈ ನಗರದ ಲೆಕ್ಕಪತ್ರವನ್ನು ಇಷ್ಟಾದರೂ ಓದಬಲ್ಲವರಾಗಿದ್ದೇವೆ.

ಪಾಲ್ಮೈರಾದ ಹೆಸರು ನಮ್ಮ ಕಾಲದ ಪತ್ರಿಕೆಗಳಲ್ಲಿ ಎದ್ದು ಕಂಡದ್ದು 2015ರ ಆಗಸ್ಟ್ ತಿಂಗಳಿನಲ್ಲಿ. ನಾಲ್ವತ್ತು ವರ್ಷಗಳ ಕಾಲ ಆ ಅವಶೇಷಗಳ ಪಾಲನೆಗೆ ತಮ್ಮ ಬದುಕನ್ನು ಮುಡಿಪಾಗಿಟ್ಟ ಖಾಲಿದ್ ಅಲ್-ಅಸಾದ್ ಎಂಬ ವೃದ್ಧ ವಿದ್ವಾಂಸರನ್ನು ಇಸ್ಲಾಮಿಕ್ ಸ್ಟೇಟ್ ಸಂಘಟನೆಯವರು ಆ ತಿಂಗಳ 18ರಂದು ಕೊಂದರು. ಅದಾದ ಕೆಲವೇ ದಿನಗಳಲ್ಲಿ ಬಾಲ್‌ಶಮೀನನ ಗುಡಿಯನ್ನೂ ಬೇಲ್ ದೇವನ ಮಹಾಲಯವನ್ನೂ ಗೋಪುರಸಮಾಧಿಗಳನ್ನೂ ಸಿಡಿಮದ್ದಿಟ್ಟು ಉರುಳಿಸಿದರು. ಆ ದುರಂತಕ್ಕೆ ಒಂದು ದಶಕ ಸಂದಿತು.

ಉರುಳಿದ ಕಂಬಗಳ ಚಿತ್ರಗಳನ್ನು ಕಂಡು ಮರುಗಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಆ ಕಂಬಗಳನ್ನು ನಿಲ್ಲಿಸುವುದಕ್ಕೆ ಹಣ ಎಲ್ಲಿಂದ ಬಂದಿತು? ಡಮಾಸ್ಕಸ್ಸಿನಿಂದ ಈಶಾನ್ಯಕ್ಕೆ ಸುಮಾರು 215 ಕಿ.ಮೀ. ದೂರದಲ್ಲಿ, ಗಂಧಕದ ವಾಸನೆಯ ಬೆಚ್ಚನೆಯ ಎಫ್ಕಾ ಬುಗ್ಗೆಯನ್ನೂ ಖರ್ಜೂರದ ತೋಪುಗಳನ್ನೂ ಪಕ್ಕದ ಉಪ್ಪಿನ ಬಯಲನ್ನೂ ಬಿಟ್ಟರೆ ಬೇರೇನೂ ಇಲ್ಲದ ಈ ತಾಣದಲ್ಲಿ, ನದಿಯಿಲ್ಲದೆ, ಗಣಿಯಿಲ್ಲದೆ, ಬಂದರಿಲ್ಲದೆ, ಒಂದು ಕಿಲೋಮೀಟರಿಗೂ ಮಿಕ್ಕು ಉದ್ದವಾದ ಸ್ತಂಭವೀಥಿಯು ತಲೆಯೆತ್ತಿದ ಬಗೆ ಎಂತಹುದು?

ನದಿಯ ಹಾದಿ, ಮರಳಿನ ಹಾದಿ

ಈ ಪ್ರಶ್ನೆಗೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಬಹು ಸುಲಭವಾದುದು: ಊರು ವ್ಯಾಪಾರಮಾರ್ಗದ ಮೇಲಿದ್ದಿತು, ಆದುದರಿಂದ ಶ್ರೀಮಂತವಾಯಿತು. ಆದರೆ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಪಾರಸಿಕ ಕೊಲ್ಲಿಯಿಂದ ಮೆಡಿಟರೇನಿಯನ್ ಸಮುದ್ರದ ತೀರಕ್ಕೆ ಹೋಗತಕ್ಕವರಿಗೆ ಪ್ರಕೃತಿಯೇ ಒದಗಿಸಿದ ದಾರಿ ಯೂಫ್ರಟೀಸ್ ನದಿಯ ದಂಡೆ. ಅಲ್ಲಿ ನೀರುಂಟು, ಮೇವುಂಟು, ಹೆಜ್ಜೆಹೆಜ್ಜೆಗೂ ಊರುಂಟು. ನದಿಯ ಆ ದೊಡ್ಡ ಬಾಗನ್ನು ತ್ಯಜಿಸಿ ಮರುಭೂಮಿಯನ್ನು ನೇರವಾಗಿ ಹಾಯುವುದರಲ್ಲಿ ದೂರದ ಉಳಿತಾಯವೇನೋ ಉಂಟು. ಆದರೆ ದೂರದ ಜತೆಗೆ ಪ್ರಾಣವೂ ಕಳೆದುಹೋಗುವ ಭಯವೂ ಉಂಟು.

ನದಿಯ ದಂಡೆಗಿದ್ದ ತೊಡಕು ಬೇರೆ ಬಗೆಯದು. ಭೂಗೋಳಕಾರನಾದ ಸ್ಟ್ರಾಬೋ ಮೆಸೊಪೊಟೇಮಿಯಾದ ವರ್ತಕರ ವಿಷಯವನ್ನು ಹೇಳುವಾಗ, ನದಿಯ ಇಕ್ಕೆಲಗಳ ಪಾಳೆಯಗಾರರು ತಮ್ಮ ತಮ್ಮ ತುಂಡುನೆಲದಲ್ಲಿ ಮನಬಂದಷ್ಟು ಸುಂಕವನ್ನು ಕೀಳುತ್ತಿದ್ದುದರಿಂದ, ವರ್ತಕರು ನದಿಯಿಂದ ಮೂರು ದಿನದ ಪಯಣದಷ್ಟು ದೂರದಲ್ಲಿ, ಡೇರೆವಾಸಿಗಳಾದ ಅಲೆಮಾರಿಗಳ ನಡುವೆ ಹಾದುಹೋಗುವುದನ್ನೇ ಮೇಲೆಂದು ಬಗೆದರೆಂದು ಬರೆದಿದ್ದಾನೆ. ಡೇರೆವಾಸಿಗಳು ಕೇಳುತ್ತಿದ್ದುದು ಮಿತವಾದ ಸುಂಕ. ಅವರು ಕೊಡುತ್ತಿದ್ದುದು ಶಾಂತಿ.

ಇಲ್ಲಿದೆ ಪಾಲ್ಮೈರಾದ ಸಿರಿಯ ಬೀಜ. ಮರಳಿನ ಹಾದಿ ತಾನೇ ತಾನಾಗಿ ಅಗ್ಗವಲ್ಲ. ಅಲ್ಲಿ ಬಾವಿಗಳನ್ನು ಕಾಯುವವರು, ಒಂಟೆಗಳನ್ನು ಸಾಕುವವರು, ಕಳ್ಳರನ್ನು ಅಟ್ಟುವವರು, ಅಲೆಮಾರಿಗಳೊಡನೆ ನೆಂಟಸ್ತಿಕೆಯನ್ನು ಬಲ್ಲವರು ಇದ್ದರೆ ಮಾತ್ರ ಅದು ನದಿಯ ಹಾದಿಗಿಂತ ಅಗ್ಗವಾಗುತ್ತದೆ. ಅಂತಹ ಜನ ತದ್ಮೋರಿನಲ್ಲಿದ್ದರು. ಪಾಲ್ಮೈರಾದವರು ತಮ್ಮ ಊರನ್ನು ತದ್ಮೋರ್ ಎಂದೇ ಕರೆದುಕೊಳ್ಳುತ್ತಿದ್ದರು. ದಾರಿ ಇದ್ದುದರಿಂದ ಊರು ಬೆಳೆಯಿತೆನ್ನುವುದಕ್ಕಿಂತ, ಊರು ಇದ್ದುದರಿಂದ ದಾರಿ ಹುಟ್ಟಿತೆನ್ನುವುದೇ ನನಗೆ ಸತ್ಯಕ್ಕೆ ಸಮೀಪವಾಗಿ ತೋರುತ್ತದೆ.

ನಗರದ ವಾಯವ್ಯಕ್ಕೆ ಚಾಚಿದ ಬೆಟ್ಟಸಾಲಿನಲ್ಲಿ ಡೇನಿಯಲ್ ಶ್ಲುಂಬರ್ಜೆ ಎಂಬ ಫ್ರೆಂಚ್ ಪುರಾತತ್ತ್ವಜ್ಞನು 1930ರ ದಶಕದಲ್ಲಿ ಅಗೆದು ತೆಗೆದ ಹಳ್ಳಿಗಳು ಈ ಮಾತಿಗೆ ಆಧಾರವಾಗಿ ನಿಲ್ಲುತ್ತವೆ. ಮಳೆನೀರಿನ ತೊಟ್ಟಿಗಳು, ಪಶುಗಳ ದೊಡ್ಡಿಗಳು, ಕುಲದೇವತೆಗಳ ಸಣ್ಣ ಗುಡಿಗಳು ಅಲ್ಲಿವೆ. ನಗರದ ಪ್ರಮುಖರು ಪೇಟೆಯಲ್ಲಿ ಗ್ರೀಕರಂತೆ ಸಭೆ ಕೂಡುತ್ತಿದ್ದರೂ, ಅವರ ಬಲದ ಬೇರುಗಳು ಈ ಬೆಟ್ಟಗಳ ಮತ್ತು ಅವುಗಳಾಚೆಯ ಬಯಲುಗಳ ಒಂಟೆಮಂದೆಗಳಲ್ಲಿ ಇದ್ದುವು. ಪಶುಪಾಲಕನೂ ಬಿಲ್ಲುಗಾರನೂ ಜಮೀನುದಾರನೂ ಸಾರ್ಥವಾಹನೂ ಒಂದೇ ಕುಲದ ನಾಲ್ಕು ಮಂದಿ ಸೋದರರಾಗಿರುವುದು ಸಾಧ್ಯವಿದ್ದ ಊರದು.

ಕ್ರಿ.ಪೂ. 41ರಲ್ಲಿ ರೋಮಿನ ಮಾರ್ಕ್ ಆಂಟನಿಯು ಈ ನಗರವನ್ನು ಸೂರೆಗೊಳ್ಳಲು ಅಶ್ವದಳವನ್ನು ಕಳುಹಿಸಿದನೆಂದು ಇತಿಹಾಸಕಾರ ಅಪ್ಪಿಯಾನ್ ಹೇಳುತ್ತಾನೆ. ಸುದ್ದಿಯನ್ನು ಮುಂಚಿತವಾಗಿಯೇ ಅರಿತ ತದ್ಮೋರಿನವರು ತಮ್ಮ ಸರ್ವಸ್ವವನ್ನೂ ಯೂಫ್ರಟೀಸಿನ ಆಚೆಯ ದಡಕ್ಕೆ ಸಾಗಿಸಿ, ದಡದಲ್ಲಿ ಬಿಲ್ಲುಗಾರರನ್ನು ನಿಲ್ಲಿಸಿದರು. ಬರಿದಾದ ಊರನ್ನು ಕಂಡ ಸವಾರರು ಬರಿಗೈಯಲ್ಲಿ ಹಿಂದಿರುಗಿದರು. ಐಶ್ವರ್ಯವನ್ನು ಕೆಲವೇ ದಿನಗಳಲ್ಲಿ ಒಂಟೆಯ ಮೇಲೆ ಹೇರಿ ನದಿ ದಾಟಿಸಬಲ್ಲವರಾಗಿದ್ದ ಅದೇ ಜನ, ಮುಂದಿನ ನೂರು ವರ್ಷಗಳಲ್ಲಿ ಆ ಐಶ್ವರ್ಯವನ್ನು ಕಲ್ಲಾಗಿಸಿ ನೆಲಕ್ಕೆ ನೆಟ್ಟರು. ಬೇಲ್ ದೇವನ ಮಹಾಲಯಕ್ಕೆ ಪ್ರತಿಷ್ಠೆಯಾದುದು ಕ್ರಿ.ಶ. 32ರ ಏಪ್ರಿಲಿನಲ್ಲಿ.

> ಸಾರ್ಥವನ್ನು ಕಾಯುವ ದೇವರುಗಳು
> ತದ್ಮೋರಿನ ಶಿಲ್ಪಗಳಲ್ಲಿ ಅರ್ಸು ಎಂಬ ದೇವನು ಒಂಟೆಯನ್ನೇರಿಯೂ ಅಜೀಜು ಎಂಬ ದೇವನು ಕುದುರೆಯನ್ನೇರಿಯೂ ಕಾಣಿಸಿಕೊಳ್ಳುತ್ತಾರೆ: ಒಬ್ಬನು ಹೇರಿನ ಜತೆಗಾರ, ಇನ್ನೊಬ್ಬನು ಕಾವಲಿನ ಜತೆಗಾರ. ಯೂಫ್ರಟೀಸಿನ ಅನಾ ಎಂಬಲ್ಲಿ ಕಾವಲಿಗಿದ್ದ ನಬಾತಿಯನ್ ಸವಾರನೊಬ್ಬನು ಕ್ರಿ.ಶ. 132ರಲ್ಲಿ ಶೈ ಅಲ್-ಕೌಮ್ ಎಂಬ ದೇವನಿಗೆ ಪೂಜಾವೇದಿಕೆಗಳನ್ನು ಅರ್ಪಿಸಿದನು. ಮದ್ಯವನ್ನು ಮುಟ್ಟದ ದೇವರೆಂದು ಶಾಸನದಲ್ಲಿ ಆತನಿಗೆ ವಿಶೇಷಣವಿದೆ.

ಕಲ್ಲಿನಲ್ಲಿ ಕೆತ್ತಿದ ಋಣ

ಸಾರ್ಥದ ಹಾದಿ ಹೀಗಿದ್ದಿತು: ಪಾಲ್ಮೈರಾದಿಂದ ಹೊರಟು ಮರುಭೂಮಿಯನ್ನು ದಾಟಿ ಯೂಫ್ರಟೀಸನ್ನು ಸೇರುವುದು, ಅಲ್ಲಿಂದ ಪ್ರವಾಹದೊಡನೆ ಕೆಳಕ್ಕಿಳಿದು, ಪಾರ್ಥಿಯನ್ ರಾಜ್ಯದ ವೊಲೊಗೇಸಿಯಸ್ ಎಂಬ ಪೇಟೆಯ ಮೂಲಕ, ಕೊಲ್ಲಿಯ ತುದಿಯ ಮೆಸೀನ್ ರಾಜ್ಯದ ಖರಕ್ಸ್ ಬಂದರನ್ನು ಮುಟ್ಟುವುದು, ಅಲ್ಲಿ ಹಡಗನ್ನೇರಿ ಸಿಂಧೂನದಿಯ ಮುಖಕ್ಕೂ ಅದರಾಚೆಗೂ ಹೋಗುವುದು. ಹಿಂದಿರುಗುವಾಗ ನದಿಯ ಪ್ರವಾಹ ಎದುರಾಗುವುದರಿಂದ ಸರಕೆಲ್ಲ ಒಂಟೆಯ ಬೆನ್ನನ್ನೇ ನೆಚ್ಚಬೇಕು. ಹಡಗು ಮಾರುತವನ್ನು ಕಾಯಬೇಕು, ಒಂಟೆ ಹಡಗನ್ನು ಕಾಯಬೇಕು. ಕೈಯಿಂದ ಬಿಟ್ಟ ಹಣ ಕೈ ಸೇರುವುದಕ್ಕೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಕಾಲ ಬೇಕಾಗುತ್ತಿದ್ದಿತೆಂದು ಊಹಿಸಬಹುದು.

ಇಷ್ಟು ದೀರ್ಘವಾದ, ರೋಮ್ ಮತ್ತು ಪಾರ್ಥಿಯಾ ಎಂಬ ಎರಡು ವಿರೋಧೀ ಸಾಮ್ರಾಜ್ಯಗಳ ಗಡಿಯನ್ನು ದಾಟುವ, ಮರುಭೂಮಿಯಲ್ಲಿ ಅರ್ಧ ಸಮುದ್ರದಲ್ಲಿ ಅರ್ಧ ನಡೆಯುವ ವ್ಯವಹಾರಕ್ಕೆ ಮೂಲಧನವಾದುದು ಬೆಳ್ಳಿಯೊಂದೇ ಅಲ್ಲ. ಸಾರ್ಥದ ನಾಯಕನು ದಾರಿಯಲ್ಲಿ ತನ್ನನ್ನು ಕೈಬಿಡುವುದಿಲ್ಲವೆಂಬ ವರ್ತಕನ ನಂಬಿಕೆ ಇದ್ದರೆ ಮಾತ್ರ ಆ ಬೆಳ್ಳಿ ಪೆಟ್ಟಿಗೆಯಿಂದ ಹೊರಕ್ಕೆ ಬರುತ್ತದೆ. ಪಾಲ್ಮೈರಾದ ಪ್ರತಿಮೆಗಳು ಆ ನಂಬಿಕೆಯ ಬಹಿರಂಗ ದಾಖಲೆಗಳು.

ಸೊವಾದೋಸ್ ಎಂಬಾತನ ಕಥೆಯನ್ನು ನೋಡಿ. ಕ್ರಿ.ಶ. 144ರಲ್ಲಿ ವೊಲೊಗೇಸಿಯಸ್ಸಿನಿಂದ ಮೇಲಕ್ಕೆ ಬರುತ್ತಿದ್ದ ಸಾರ್ಥವನ್ನು ಕೊಳ್ಳೆಹೊಡೆಯಲು ಅಬ್ದಲ್ಲತ್ ಎಂಬ ದರೋಡೆಕೋರನು ತನ್ನ ಗುಂಪಿನೊಡನೆ ಬಹುಕಾಲದಿಂದ ಹೊಂಚುಹಾಕಿದ್ದನು. ಸೊವಾದೋಸನು ದೊಡ್ಡ ಪಡೆಯನ್ನು ಕೂಡಿಸಿಕೊಂಡು ಅವರಿಗೆ ಎದುರಾಗಿ ಹೋಗಿ ಸಾರ್ಥವನ್ನು ಉಳಿಸಿದನು. ಕೃತಜ್ಞವಾದ ನಗರವು ನಾಲ್ಕು ದೇವಾಲಯಗಳಲ್ಲಿ ಅವನಿಗೆ ನಾಲ್ಕು ಪ್ರತಿಮೆಗಳನ್ನು ವಿಧಿಸಿತು. ಈ ಶಾಸನ ದೊರೆತದ್ದು ನಗರದ ಒಳಗಲ್ಲ. ಸುಮಾರು ಇಪ್ಪತ್ತು ಕಿ.ಮೀ. ಆಚೆ, ಸಾರ್ಥಗಳು ತಂಗುತ್ತಿದ್ದ ತಾಣದಲ್ಲಿ, ಹೋಗಿಬರುವ ಪ್ರತಿಯೊಬ್ಬ ವರ್ತಕನ ಕಣ್ಣಿಗೂ ಬೀಳುವಂತಹ ಸ್ಥಳದಲ್ಲಿ.

ಇದೇ ಸೊವಾದೋಸನು ವೊಲೊಗೇಸಿಯಸ್ಸಿನಲ್ಲಿ, ಎಂದರೆ ಪಾರ್ಥಿಯನ್ನರ ನೆಲದ ಮೇಲೆಯೇ, ರೋಮ್ ಚಕ್ರವರ್ತಿಗಳ ಹೆಸರಿನಲ್ಲಿ ಒಂದು ಗುಡಿಯನ್ನು ಕಟ್ಟಿಸಿದ್ದನು. ಅದಕ್ಕಿಂತಲೂ ಅಚ್ಚರಿಯ ಸಂಗತಿ ಕ್ರಿ.ಶ. 131ರ ಶಾಸನದಲ್ಲಿದೆ: ತದ್ಮೋರಿನ ಯರ್ಹೈ ಎಂಬಾತನು ಖರಕ್ಸಿನ ರಾಜನಾದ ಮೆಹೆರ್ದಾತನ ಪರವಾಗಿ, ಇಂದಿನ ಬಹ್ರೈನ್ ದ್ವೀಪಕ್ಕೆ ಅಧಿಪತಿಯಾಗಿದ್ದನು. ರೋಮಿಗೆ ಅಧೀನವಾದ ನಗರದ ಪ್ರಜೆಯೊಬ್ಬನು ಅದರ ಪ್ರತಿಸ್ಪರ್ಧಿಯ ವಲಯದಲ್ಲಿ ಮುತ್ತಿನ ದ್ವೀಪವನ್ನು ಆಳುತ್ತಾನೆ. ಖರಕ್ಸಿನಲ್ಲಿದ್ದ ತದ್ಮೋರಿನ ವರ್ತಕರು ಅವನಿಗೆ ಊರಿನಲ್ಲಿ ಪ್ರತಿಮೆ ನಿಲ್ಲಿಸುತ್ತಾರೆ. ಎರಡು ಕಡೆಯ ಪ್ರಭುಗಳೂ ಇದನ್ನು ಸಹಿಸುತ್ತಾರೆ. ಎರಡು ಕಡೆಯವರಿಗೂ ಅದರಿಂದ ಲಾಭವಿದ್ದಿತು.

ಮಾರ್ಕಸ್ ಉಲ್ಪಿಯಸ್ ಯರ್ಹೈ ಎಂಬ ಇನ್ನೊಬ್ಬ ಮಹಾಪೋಷಕನಿಗೆ 150ರ ದಶಕದಲ್ಲಿ ಸಂದ ಪ್ರತಿಮೆಗಳು ಹಲವು. ಅವುಗಳಲ್ಲಿ ಕ್ರಿ.ಶ. 157ರದೊಂದನ್ನು ನಿಲ್ಲಿಸಿದವರು ಸಿಥಿಯಾದಿಂದ, ಎಂದರೆ ಶಕರು ಆಳುತ್ತಿದ್ದ ವಾಯವ್ಯ ಭಾರತದ ತೀರದಿಂದ, ಹಡಗಿನಲ್ಲಿ ಮರಳಿಬಂದ ವರ್ತಕರು. ಹಡಗಿನ ಒಡೆಯನ ಹೆಸರನ್ನೂ ಅವರು ಮರೆಯದೆ ಬರೆಯಿಸಿದ್ದಾರೆ. ಕ್ರಿ.ಶ. 193ರ ಶಾಸನದಲ್ಲಿ ತೈಮರ್ಸು ಎಂಬ ಸಾರ್ಥವಾಹನು ತನ್ನೊಡನೆ ಖರಕ್ಸಿನಿಂದ ಬಂದವರಿಗೆ ಮುನ್ನೂರು ಚಿನ್ನದ ನಾಣ್ಯಗಳ ವೆಚ್ಚವನ್ನು ಉಳಿಸಿಕೊಟ್ಟನೆಂದು ಸ್ತುತಿಯಿದೆ. ಆ ನಾಣ್ಯಗಳು ಹಳೆಯವೆಂದು ಒತ್ತಿ ಹೇಳಿರುವುದನ್ನು ಗಮನಿಸಬೇಕು. ರೋಮಿನ ಬೆಳ್ಳಿಯ ನಾಣ್ಯದಲ್ಲಿ ಬೆರಕೆ ಹೆಚ್ಚುತ್ತಿದ್ದ ಕಾಲವದು, ಮರುಭೂಮಿಯ ವರ್ತಕನ ಕಣ್ಣಿಗೆ ಅದು ಮರೆಯಾಗಿರಲಿಲ್ಲ.

ಈ ಶಾಸನಗಳ ಕಾಲವನ್ನು ಸಾಲಾಗಿ ಇಟ್ಟು ನೋಡಿದರೆ ವ್ಯಾಪಾರದ ಏರಿಳಿತವೇ ಕಣ್ಣಿಗೆ ಕಟ್ಟುತ್ತದೆ. ಕ್ರಿ.ಶ. 116ರಲ್ಲಿ ಟ್ರಾಜನ್ ಚಕ್ರವರ್ತಿ ಪಾರ್ಥಿಯಾವನ್ನು ಗೆದ್ದು ಕೊಲ್ಲಿಯ ದಡದಲ್ಲಿ ನಿಂತು, ಹಿಂದೂದೇಶಕ್ಕೆ ಹೊರಟ ಹಡಗನ್ನು ಕಂಡು, ತಾನು ಯುವಕನಾಗಿದ್ದರೆ ಅಲ್ಲಿಗೂ ಹೋಗುತ್ತಿದ್ದೆನೆಂದು ಹಂಬಲಿಸಿದನಂತೆ. ಅವನ ಬಳಿಕ ಬಂದ ಹೇಡ್ರಿಯನ್ ಆ ಗೆಲುವುಗಳನ್ನೆಲ್ಲ ಬಿಟ್ಟುಕೊಟ್ಟು ಸಂಧಿಮಾಡಿಕೊಂಡನು. ಶಾಸನಗಳ ಸುಗ್ಗಿ ಬರುವುದು ಆ ಸಂಧಿಯ ಮುಂದಿನ ದಶಕಗಳಲ್ಲಿ. ಕ್ರಿ.ಶ. 161ರಲ್ಲಿ ಮತ್ತೆ ಯುದ್ಧವಾದೊಡನೆ ಕಲ್ಲುಗಳು ಬಹುಕಾಲ ಮೌನವಾಗುತ್ತವೆ. ಗೆದ್ದ ಚಕ್ರವರ್ತಿಗಿಂತ ಹಿಂದೆ ಸರಿದ ಚಕ್ರವರ್ತಿಯೇ ಪಾಲ್ಮೈರಾದ ಬೊಕ್ಕಸಕ್ಕೆ ಹೆಚ್ಚಿನ ಉಪಕಾರ ಮಾಡಿದನು. ನಗರವೂ ಅವನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹೇಡ್ರಿಯಾನೆ ಪಾಲ್ಮೈರಾ ಎಂದು ಕರೆದುಕೊಂಡಿತು.

ಸುಂಕದ ಕಲ್ಲು

ಹೇಡ್ರಿಯನ್ನನ ಕಾಲದಲ್ಲಿಯೇ, ಕ್ರಿ.ಶ. 137ರ ಏಪ್ರಿಲ್ 18ರಂದು, ನಗರಸಭೆಯು ಒಂದು ನಿರ್ಣಯವನ್ನು ಕೈಕೊಂಡಿತು. ಹಳೆಯ ಸುಂಕದ ಕಟ್ಟಳೆಯಲ್ಲಿ ಅನೇಕ ವಸ್ತುಗಳ ಹೆಸರೇ ಇರಲಿಲ್ಲ. ಅವುಗಳಿಗೆ ವಾಡಿಕೆಯ ಪ್ರಕಾರ ಸುಂಕವೆತ್ತುತ್ತಿದ್ದುದರಿಂದ ಗುತ್ತಿಗೆದಾರರಿಗೂ ವರ್ತಕರಿಗೂ ಪದೇ ಪದೇ ವ್ಯಾಜ್ಯಗಳಾಗುತ್ತಿದ್ದುವು. ಆದುದರಿಂದ ಎಲ್ಲ ವಸ್ತುಗಳನ್ನೂ ಎಲ್ಲ ದರಗಳನ್ನೂ ಬರೆದು, ಗುಡಿಯ ಎದುರಿಗೆ ಕಲ್ಲಿನಲ್ಲಿ ಕೆತ್ತಿಸಿ, ಗುತ್ತಿಗೆದಾರನು ಹೆಚ್ಚಿಗೆ ವಸೂಲುಮಾಡದಂತೆ ಅಧಿಕಾರಿಗಳು ನೋಡಿಕೊಳ್ಳತಕ್ಕದ್ದೆಂದು ಸಭೆ ವಿಧಿಸಿತು.

ಆ ಕಲ್ಲು ಸುಮಾರು ಐದು ಮೀಟರ್ ಉದ್ದದ್ದು. ರಷ್ಯಾದ ರಾಜಕುಮಾರ ಅಬಾಮೆಲೆಕ್-ಲಾಜರೆವ್ ಎಂಬಾತನು 1880ರ ದಶಕದ ಆದಿಯಲ್ಲಿ ಅದನ್ನು ಮರಳಿನಿಂದ ಬೆಳಕಿಗೆ ತಂದನು. 1901ರಲ್ಲಿ ಅದು ಸೇಂಟ್ ಪೀಟರ್ಸ್‌ಬರ್ಗಿಗೆ ಸಾಗಿ ಇಂದಿಗೂ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಪ್ರಾಚೀನ ಲೋಕದ ನಗರವೊಂದರ ದಿನನಿತ್ಯದ ಬದುಕನ್ನು ಇಷ್ಟು ಸಮೀಪದಿಂದ ತೋರಿಸುವ ಕಲ್ಲುಗಳು ಬಹಳವಿಲ್ಲ.

ಅದನ್ನು ಓದತೊಡಗಿದವನಿಗೆ ಮೊದಲು ಆಗುವುದು ಆಶ್ಚರ್ಯ. ಚೀನದ ರೇಷ್ಮೆ ಎಲ್ಲಿ? ಮುತ್ತು ಎಲ್ಲಿ? ಅಲ್ಲಿರುವುದು ಎಣ್ಣೆ, ಕೊಬ್ಬು, ಉಪ್ಪು, ಉಪ್ಪುಮೀನು, ತೊಗಲು, ಉಣ್ಣೆ, ಮೇವು. ಕಟುಕ, ಚಮ್ಮಾರ, ಬಟ್ಟೆ ಮಾರುವ ಅಲೆದಾಟದ ವ್ಯಾಪಾರಿ. ಊರಿನ ಎರಡು ಬುಗ್ಗೆಗಳ ನೀರಿಗೆ ವರ್ಷಕ್ಕೆ 800 ದೆನಾರಿ (ರೋಮಿನ ಬೆಳ್ಳಿಯ ನಾಣ್ಯ). ದೂರದೇಶದ ಅಮೂಲ್ಯ ಸರಕಿನ ಹೆಸರೇ ಅಲ್ಲಿಲ್ಲವೆಂಬುದನ್ನು ಕಂಡು ಹಿಂದಿನ ವಿದ್ವಾಂಸರು ಬಹಳ ತಲೆ ಕೆಡಿಸಿಕೊಂಡರು.

ಉತ್ತರ ಇರುವುದು ಸುಂಕದ ಎರಡು ಅಂತಸ್ತುಗಳಲ್ಲಿ. ಸಾಮ್ರಾಜ್ಯದ ಪೂರ್ವದ ಗಡಿಯನ್ನು ದಾಟಿ ಬರುವ ಸರಕಿನ ಮೇಲೆ ರೋಮ್ ಸರ್ಕಾರವೇ ನಾಲ್ಕನೆಯ ಒಂದು ಪಾಲನ್ನು, ಎಂದರೆ ನೂರಕ್ಕೆ 25ನ್ನು, ಎತ್ತುತ್ತಿದ್ದಿತು. ಅದನ್ನು ಗುತ್ತಿಗೆ ಹಿಡಿದ ಧನಿಕರಿಗೆ ಪಾಲ್ಮೈರಾದಲ್ಲಿಯೇ ಪ್ರತಿಮೆಗಳು ನಿಂತಿವೆ, ಅವರಲ್ಲೊಬ್ಬನು ಆಂಟಿಯೋಕ್ ನಗರದ ಸಭಾಸದ. ನಮ್ಮ ಶಾಸನಗಳ ಮಾತಿನಲ್ಲಿ ಹೇಳುವುದಾದರೆ ಹೆಜ್ಜುಂಕವು ಚಕ್ರವರ್ತಿಯದು, ಕಿರುಕುಳ ಸುಂಕವು ಊರಿನದು. ರೇಷ್ಮೆಯ ಮೇಲಿನ ತೆರಿಗೆ ರೋಮಿನ ಖಜಾನೆಗೆ ಹೋಯಿತು. ನಗರಸಭೆಯು ಬದುಕಿದ್ದು ಉಪ್ಪುಮೀನಿನ ಮೇಲೆ.

> ಕ್ರಿ.ಶ. 137ರ ದರಗಳಲ್ಲಿ ಕೆಲವು
> ಅಮೃತಶಿಲೆಯ ಭರಣಿಗಳಲ್ಲಿ ತಂದ ಸುಗಂಧತೈಲ, ಒಂಟೆಯ ಹೇರಿಗೆ: ಒಳಕ್ಕೆ 25 ದೆನಾರಿ, ಹೊರಕ್ಕೆ 13. ಅದೇ ತೈಲ ಮೇಕೆಯ ತೊಗಲಿನಲ್ಲಿದ್ದರೆ: ಒಳಕ್ಕೆ 13, ಹೊರಕ್ಕೆ 7.
> ಊರಿಗೆ ತಂದ ದಾಸನೊಬ್ಬನಿಗೆ: 22 ದೆನಾರಿ.
> ಕೆನ್ನೇರಳೆ ಬಣ್ಣದ ಉಣ್ಣೆ, ಒಂದು ಕುರಿಯ ತುಪ್ಪಟಕ್ಕೆ: 8 ಆಸ್ (16 ಆಸಿಗೆ ಒಂದು ದೆನಾರಿ).
> ಬಂಡಿಯ ಹೇರು: ನಾಲ್ಕು ಒಂಟೆಯ ಹೇರಿಗೆ ಸಮ.
> ಕಂಚಿನ ಪ್ರತಿಮೆ: ಒಂದಕ್ಕೆ ಅರ್ಧ ಹೇರಿನ ಸುಂಕ.
> ಹಳ್ಳಿಗಳಿಂದ ಊರಿಗೆ ಬರುವ ಆಹಾರಪದಾರ್ಥ: ಸುಂಕವಿಲ್ಲ.

ಈ ಕೊನೆಯ ಸಾಲು ನನಗೆ ಬಹು ಮುಖ್ಯವಾಗಿ ತೋರುತ್ತದೆ. ಸುತ್ತಣ ಹಳ್ಳಿಯವನು ತನ್ನ ಧಾನ್ಯವನ್ನು ಊರಿಗೆ ತರುವುದಕ್ಕೆ ತಡೆಯಿಲ್ಲ; ಹೊರಗಿನವನು ತನ್ನ ಮಂದೆಯನ್ನು ಇಲ್ಲಿ ಮೇಯಿಸಿದರೆ ಮಾತ್ರ ಹುಲ್ಲುಬನ್ನಿಯನ್ನು ತೆರಬೇಕು. ನಗರವು ತನ್ನ ಒಳನಾಡನ್ನು ಮಿತ್ರನಂತೆ ನಡೆಸಿಕೊಂಡಿತು. ಒಂಟೆಯೂ ಮೇವೂ ಬಿಲ್ಲುಗಾರನೂ ಬರುವುದು ಆ ಒಳನಾಡಿನಿಂದಲೇ ಎಂಬುದನ್ನು ಸಭೆಯವರು ಚೆನ್ನಾಗಿ ಬಲ್ಲವರಾಗಿದ್ದರು.

ಹಾಗಾದರೆ ವರ್ತಕನು ನೂರಕ್ಕೆ 25ರಷ್ಟು ಹೊರೆಯನ್ನು ತೆತ್ತೂ ಲಾಭವನ್ನು ಗಳಿಸಿದುದು ಹೇಗೆ? ಇಂಡಿಯಾದ ಸರಕು ರೋಮಿನ ಪೇಟೆಯಲ್ಲಿ ಮೂಲಬೆಲೆಯ ನೂರು ಪಟ್ಟಿಗೆ ಬಿಕರಿಯಾಗುತ್ತಿದ್ದಿತೆಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಭಾರತ, ಚೀನ, ಅರೇಬಿಯಾಗಳು ವರ್ಷಕ್ಕೆ 10 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಸೆಳೆದುಕೊಳ್ಳುತ್ತಿವೆಯೆಂದು ಅವನ ದೂರು. ಪ್ಲಿನಿಯದು ನೀತಿಬೋಧಕನ ಲೆಕ್ಕ; ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೂ ಅಂತರವು ಎಷ್ಟು ದೊಡ್ಡದಾಗಿದ್ದಿತೆಂಬುದಕ್ಕೆ ಅವನ ಕೋಪವೇ ಸಾಕ್ಷಿ.

ಸರಕಿನ ಸಾಕ್ಷ್ಯ ದೊರೆತದ್ದು ಸಮಾಧಿಗಳಲ್ಲಿ. ತದ್ಮೋರಿನ ಸಿರಿವಂತರು ತಮ್ಮ ಸತ್ತವರನ್ನು ಹಲವು ಅಂತಸ್ತುಗಳ ಗೋಪುರಗಳಲ್ಲಿ ಇರಿಸುತ್ತಿದ್ದರು, ಕ್ರಿ.ಶ. 83ರ ಇಯಾಂಬ್ಲಿಕಸ್ಸನ ಗೋಪುರ, 103ರ ಏಲಾಬೇಲನ ಗೋಪುರ ಅವುಗಳಲ್ಲಿ ಪ್ರಸಿದ್ಧವಾದುವು. ಶವಗಳಿಗೆ ಸುತ್ತಿದ ಬಟ್ಟೆಯ ಚೂರುಗಳಲ್ಲಿ ಸ್ಥಳೀಯವಾದ ಉಣ್ಣೆಯೂ ನಾರುಮಡಿಯೂ ಇರುವಂತೆಯೇ ಹತ್ತಿಯ ಬಟ್ಟೆಯೂ, ಚೀನದ ಹಾನ್ ಕಾಲದ ರೇಷ್ಮೆಯೂ ಇವೆ. ಕೆಲವು ರೇಷ್ಮೆಗಳಲ್ಲಿ ಚೀನೀ ಲಿಪಿಯನ್ನೇ ನೆಯ್ದಿದ್ದಾರೆ. ಹಾದುಹೋಗುವ ಸಂಪತ್ತಿನಲ್ಲಿ ಒಂದು ಅಂಶವನ್ನು ತದ್ಮೋರಿನವರು ತಮಗಾಗಿಯೇ ಇರಿಸಿಕೊಂಡಿದ್ದರು. 2015ರಲ್ಲಿ ಸಿಡಿಮದ್ದಿಗೆ ಆಹುತಿಯಾದುವುಗಳಲ್ಲಿ ಏಲಾಬೇಲನ ಗೋಪುರವೂ ಒಂದು.

ಪರದೇಶದಲ್ಲಿ ತದ್ಮೋರಿನವರು

ಈ ವ್ಯಾಪಾರಕ್ಕೆ ಇನ್ನೊಂದು ಆಧಾರವಿದ್ದಿತು: ದೂರದ ಪೇಟೆಗಳಲ್ಲಿ ನೆಲಸಿದ ಊರವರು. ಬಾಬಿಲೋನಿನಲ್ಲಿದ್ದ ತದ್ಮೋರಿನ ವರ್ತಕರು ಕ್ರಿ.ಶ. 24ರಷ್ಟು ಹಿಂದೆಯೇ ಊರಿನಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಈಜಿಪ್ಟಿನ ಕಾಪ್ಟೋಸಿನಲ್ಲಿ ಅವರ ಹಡಗೊಡೆಯರ ಶಾಸನವಿದೆ. ಕೆಂಪುಸಮುದ್ರದ ಹಾದಿಯನ್ನೂ ಅವರು ಬಿಟ್ಟಿರಲಿಲ್ಲವೆಂದಾಯಿತು. ಎಲ್ಲಿ ಹೋದರೂ ಅವರು ತಮ್ಮ ದೇವರನ್ನೂ ತಮ್ಮ ಲಿಪಿಯನ್ನೂ ಜತೆಗೆ ಒಯ್ದರು. ಗ್ರೀಕ್ ಭಾಷೆಯಲ್ಲಿಯೇ ವ್ಯವಹರಿಸುತ್ತಿದ್ದ ರೋಮಿನ ಪೂರ್ವಪ್ರಾಂತದಲ್ಲಿ, ಸಾರ್ವಜನಿಕ ಶಾಸನಗಳಿಗೆ ತಮ್ಮ ಮಾತನ್ನೂ ಸಮವಾಗಿ ಬಳಸಿದ ನಗರ ಇದರಂತೆ ಇನ್ನೊಂದಿಲ್ಲ. ಕನ್ನಡಿಗನಾದ ನನಗೆ ಇದು ವಿಶೇಷ ಗೌರವವನ್ನು ಹುಟ್ಟಿಸಿದೆ.

> ಇಂಗ್ಲೆಂಡಿನ ಕಲ್ಲು, ಸೊಕೋತ್ರದ ಹಲಗೆ
> ಬ್ರಿಟನ್ನಿನ ಉತ್ತರಭಾಗದ ಸೌತ್ ಶೀಲ್ಡ್ಸ್ ಎಂಬಲ್ಲಿ ತದ್ಮೋರಿನ ಬರಾತೆಸ್ ಎಂಬಾತನು ತನ್ನ ಹೆಂಡತಿ ರೆಗಿನಾಳಿಗೆ ನಿಲ್ಲಿಸಿದ ಸಮಾಧಿಶಿಲೆ ಇದೆ. ಲ್ಯಾಟಿನ್ ಬರಹದ ಕೆಳಗೆ ತನ್ನ ತಾಯ್ನುಡಿಯಲ್ಲಿ ಒಂದು ಸಾಲನ್ನು ಸೇರಿಸಿದ್ದಾನೆ.
> ಅರಬ್ಬೀ ಸಮುದ್ರದ ಸೊಕೋತ್ರ ದ್ವೀಪದ ಹೋಕ್ ಗುಹೆಯಲ್ಲಿ ಅಬ್ಗರ್ ಎಂಬ ಪಾಲ್ಮೈರಾದವನು ಕ್ರಿ.ಶ. 258ರ ಜುಲೈನಲ್ಲಿ ಬರೆದ ಮರದ ಹಲಗೆ ದೊರೆತಿದೆ. ಅದೇ ಗುಹೆಯ ಗೋಡೆಗಳಲ್ಲಿ ಪಶ್ಚಿಮಭಾರತದ ನಾವಿಕರ ಬ್ರಾಹ್ಮೀ ಬರಹಗಳು ಹೇರಳವಾಗಿವೆ. ಭರುಕಚ್ಛ ಬಂದರಿನಿಂದ ಬಂದವರೂ ಅವರಲ್ಲಿದ್ದರು.

ಬಾಗಿಲು ಮುಚ್ಚಿದುದು

ಕ್ರಿ.ಶ. 224ರಲ್ಲಿ ಪಾರ್ಥಿಯನ್ನರನ್ನು ಸೋಲಿಸಿ ಪಾರಸಿಕ ದೇಶದಲ್ಲಿ ಸಸಾನಿ ವಂಶದ ಅರ್ದಶೀರನು ತಲೆಯೆತ್ತಿದನು. ಪಾರ್ಥಿಯಾದ್ದು ಸಡಿಲವಾದ ಸಾಮ್ರಾಜ್ಯ. ಖರಕ್ಸಿನಂತಹ ಸಾಮಂತರಾಜ್ಯಗಳಿಗೆ ಅಲ್ಲಿ ಉಸಿರಾಡಲು ಅವಕಾಶವಿದ್ದಿತು, ಆ ಅವಕಾಶದಲ್ಲಿಯೇ ತದ್ಮೋರಿನವರೂ ಉಸಿರಾಡಿದರು. ಸಸಾನಿಗಳು ಮೆಸೀನನ್ನೂ ಕೊಲ್ಲಿಯ ತೀರಗಳನ್ನೂ ನೇರವಾಗಿ ತಮ್ಮ ಕೈಗೆ ತೆಗೆದುಕೊಂಡರು. ಕ್ರಿ.ಶ. 256ರ ಸುಮಾರಿಗೆ ಯೂಫ್ರಟೀಸಿನ ರೋಮನ್ ಕೋಟೆಯಾದ ದುರಾ ಅವರ ವಶವಾಯಿತು.

ಮೂರನೆಯ ಶತಮಾನದ ಸಾರ್ಥಶಾಸನಗಳು ಬಹು ವಿರಳ. 257–58ರದೊಂದರಲ್ಲಿ ಸಲಮಲ್ಲತ್ ಎಂಬ ನಾಯಕನು ತನ್ನ ಸ್ವಂತ ವೆಚ್ಚದಲ್ಲಿ ಸಾರ್ಥವನ್ನು ಊರು ಮುಟ್ಟಿಸಿದನೆಂದು ಹೇಳಿದೆ. ಸೊಕೋತ್ರದ ಅಬ್ಗರನೂ ಆ ಕಾಲದವನೇ. ಕೊಲ್ಲಿಯ ಬಾಗಿಲು ಮುಚ್ಚುತ್ತಿರುವಾಗಲೂ ಈ ಜನ ಮರುಭೂಮಿಯಲ್ಲಿ ಕೈಯಿಂದ ಹಣ ಹಾಕಿ, ಸಮುದ್ರದಲ್ಲಿ ಬಳಸುದಾರಿ ಹಿಡಿದು, ತಮ್ಮ ಕಸುಬನ್ನು ಬಿಡದೆ ನಡೆಸುತ್ತಿದ್ದರೆಂದು ನಾನು ಈ ಎರಡು ಬರಹಗಳನ್ನು ಕೂಡಿಸಿ ಓದುತ್ತೇನೆ.

ನಗರದ ನಾಯಕನಾದ ಒಡೈನಾಥಸ್ ಪಾರಸಿಕ ಚಕ್ರವರ್ತಿ ಶಾಪುರನಿಗೆ ಒಂಟೆಗಳ ಮೇಲೆ ಕಾಣಿಕೆಗಳನ್ನೂ ಸ್ನೇಹಪತ್ರವನ್ನೂ ಕಳುಹಿಸಿದನೆಂದೂ, ಶಾಪುರನು ಪತ್ರವನ್ನು ಹರಿದು ಕಾಣಿಕೆಗಳನ್ನು ಹೊಳೆಗೆ ಎಸೆಯಿಸಿದನೆಂದೂ ಆರನೆಯ ಶತಮಾನದ ಇತಿಹಾಸಕಾರನೊಬ್ಬನು ಬರೆದಿದ್ದಾನೆ. ಮುನ್ನೂರು ವರ್ಷ ಫಲಿಸಿದ ಉಪಾಯ ಅಂದು ಫಲಿಸಲಿಲ್ಲ. ಕ್ರಿ.ಶ. 260ರಲ್ಲಿ ರೋಮಿನ ಚಕ್ರವರ್ತಿ ವೆಲೇರಿಯನ್ನನೇ ಶಾಪುರನಿಗೆ ಸೆರೆಸಿಕ್ಕ ಬಳಿಕ, ಸಾರ್ಥಗಳನ್ನು ಕಾಯುತ್ತಿದ್ದ ಬಿಲ್ಲುಗಾರರನ್ನು ಒಡೈನಾಥಸ್ ಸೈನ್ಯವಾಗಿ ಕೂಡಿಸಿ ಪಾರಸಿಕರನ್ನು ಹಿಂದಕ್ಕೆ ಅಟ್ಟಿದನು.

ಅವನ ಕೊಲೆ, ಅವನ ಪತ್ನಿ ಝೆನೋಬಿಯಾಳ ಪಟ್ಟ, ಕ್ರಿ.ಶ. 270ರಲ್ಲಿ ಈಜಿಪ್ಟಿನ ಮೇಲೆ ಆಕ್ರಮಣ, 272ರಲ್ಲಿ ಆರೇಲಿಯನ್ ಚಕ್ರವರ್ತಿಯಿಂದ ಆಕೆಯ ಪರಾಜಯ, ಮರುವರ್ಷ ಮತ್ತೆ ದಂಗೆಯೆದ್ದ ನಗರದ ಸೂರೆ: ಈ ಕಥೆಯನ್ನು ನಾಟಕಕಾರರೂ ಚಿತ್ರಕಾರರೂ ಬೇಕಾದಷ್ಟು ಹೇಳಿದ್ದಾರೆ. ರಾಣಿಯ ಸಾಹಸದ ಬಗೆಗೆ ನನಗೆ ಅನಾದರವಿಲ್ಲ. ಆದರೆ ಆಕೆ ಸಿಂಹಾಸನವನ್ನೇರಿದಾಗಲೇ ಆ ಸಿಂಹಾಸನದ ಕೆಳಗಿನ ಪೇಟೆ ಬರಿದಾಗುತ್ತಿದ್ದಿತು. ಮೆಣಸು ಮತ್ತು ಸುಗಂಧದ ಇನ್ನೊಂದು ಹೆಬ್ಬಾಗಿಲಾದ ಈಜಿಪ್ಟಿನ ಮೇಲೆ ಆಕೆಯ ಕಣ್ಣು ಬಿದ್ದುದರಲ್ಲಿ ಒಬ್ಬ ವರ್ತಕನಗರದ ಒಡತಿಯ ಲೆಕ್ಕಾಚಾರವೂ ಇದ್ದಿರಬೇಕೆಂದು ನನ್ನ ಅಭಿಪ್ರಾಯ.

ಆರೇಲಿಯನ್ನನ ಸೈನಿಕರು ಸೂರೆಮಾಡಿದ್ದು ಕಟ್ಟಡಗಳನ್ನು ಮತ್ತು ಪೆಟ್ಟಿಗೆಗಳನ್ನು. ಅವುಗಳನ್ನು ಮತ್ತೆ ತುಂಬಬಹುದಾಗಿದ್ದಿತು. ಚಕ್ರವರ್ತಿ ಮುರಿದದ್ದು ನಗರದ ಸ್ವಂತ ಬಿಲ್ಲುಪಡೆಯನ್ನು, ಪ್ರಮುಖ ಕುಲಗಳ ಮರ್ಯಾದೆಯನ್ನು, ಅಲೆಮಾರಿಗಳೊಡನೆ ತಲೆತಲಾಂತರದಿಂದ ನಡೆದುಬಂದ ಕೊಡುಕೊಳ್ಳುವಿಕೆಯನ್ನು. ಅವು ಹೋದ ಮೇಲೆ ಪಾಲ್ಮೈರಾದಿಂದ ಯೂಫ್ರಟೀಸಿನವರೆಗಿನ ನೆಲ ಮತ್ತೆ ಬರಿಯ ಮರಳಾಯಿತು.

ಮುಂದೆ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ ನಗರದ ಪಶ್ಚಿಮಭಾಗದಲ್ಲಿ ರೋಮನ್ ಸೇನೆಯ ದೊಡ್ಡ ಪಾಳೆಯ ಎದ್ದಿತು; ಊರಿನ ಮೂಲಕ ಹಾದ ಹೊಸ ರಸ್ತೆ ಗಡಿಯ ಕೋಟೆಗಳನ್ನು ಕೂಡಿಸುವುದಕ್ಕಾಗಿ ಹಾಕಿದುದು. ಕ್ರಿ.ಶ. 298ರ ಸುಮಾರಿನಲ್ಲಿ ರೋಮನ್ನರೂ ಪಾರಸಿಕರೂ ಮಾಡಿಕೊಂಡ ಸಂಧಿಯಲ್ಲಿ, ಎರಡು ರಾಜ್ಯಗಳ ನಡುವಣ ವ್ಯಾಪಾರವು ದೂರದ ಉತ್ತರದ ನಿಸಿಬಿಸ್ ನಗರದಲ್ಲಿಯೇ ನಡೆಯತಕ್ಕದ್ದೆಂದು ಗೊತ್ತುಮಾಡಲಾಯಿತು. ಹಿಂದೆ ಕುಲದ ಬಲದಿಂದಲೂ ನಂಬಿಕೆಯಿಂದಲೂ ನಡೆಯುತ್ತಿದ್ದ ಗಡಿವ್ಯಾಪಾರಕ್ಕೆ ಈಗ ಎರಡು ಸರ್ಕಾರಗಳು ಒಂದು ಠಾಣೆಯನ್ನು ನಿಗದಿಮಾಡಿದುವು.

ಪೂರ್ವಸಮುದ್ರದ ವ್ಯಾಪಾರ ನಿಂತುಹೋಗಲಿಲ್ಲ. ಅದನ್ನು ನಡೆಸುವವರು ಬದಲಾದರು. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಸನು ಬರೆಯುವಾಗ ಸಿಂಹಳದ್ವೀಪದಲ್ಲಿ ಪಾರಸಿಕರ ವಸತಿಯಿದ್ದಿತು, ಪಾರಸಿಕರ ಹಡಗುಗಳು ಅಲ್ಲಿಗೆ ಹೋಗಿಬರುತ್ತಿದ್ದುವು. ಮೆಣಸು ಸಾಗುವ ಮಲಬಾರ್ ತೀರದ ಐದು ರೇವುಗಳನ್ನು ಅವನು ಹೆಸರಿಸುತ್ತಾನೆ. ಅವುಗಳಲ್ಲಿ ಮಂಗರೂತ್ ಎಂಬುದನ್ನು ವಿದ್ವಾಂಸರು ನಮ್ಮ ಮಂಗಳೂರೆಂದು ಗುರುತಿಸಿದ್ದಾರೆ. ಆ ರೇವುಗಳಿಂದ ಕೊಲ್ಲಿಯ ಕಡೆಗೆ ಹೊರಟ ಸರಕನ್ನು ಅಷ್ಟು ಹೊತ್ತಿಗೆ ಪಾರಸಿಕ ನಾವಿಕರು ಸಾಗಿಸುತ್ತಿದ್ದರು, ರೋಮಿನ ಗಡಿಯ ಸುಂಕದ ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ತದ್ಮೋರಿನ ಸಾರ್ಥವಾಹನಿಗೆ ಅದರಲ್ಲಿ ಪಾಲಿರಲಿಲ್ಲ.